ಉಣುಗು ನಾಯಿ ಮೈಲಷ್ಟೇ ಅಲ್ಲ, ಗೋಡೇಲೂ ಇದೆ

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಮ್ಮದು ಹೊಸನಗರ ತಾಲೂಕಿನ ಹಳ್ಳಿ, ಅಡಿಕೆ ತೋಟ, ಹಳೇ ಹಂಚಿನ ಮನೆ. ಮಗಳು ಶಿವಮೊಗ್ಗದಲ್ಲಿ ಓದ್ತಾಳೆ, ಅವಳ ಪಿಜಿ ಹತ್ರ ಬೀದಿಲಿದ್ದ ಸುಮಾರು ಒಂದು ವರ್ಷದ ಹೆಣ್ಣು ನಾಯಿನ ಹೋದ ತಿಂಗಳು ತಂದು ನಮ್ಮ ಮನೇಲಿ ಬಿಟ್ಟು ಹೋಗಿದಾಳೆ. ಪಾಪದ ನಾಯಿ, ಆದ್ರೆ ಮೈತುಂಬ ಉಣುಗು, ಕಿವಿಯೊಳಗೆ, ಬೆರಳ ಸಂದಿಲಿ ಎಲ್ಲಿ ನೋಡಿದ್ರೂ. ಟಿಕ್ ಶಾಂಪೂ ಹಾಕಿ ತೊಳೆದ್ರೆ ಎರಡು ದಿನ ಕಮ್ಮಿ ಆಗತ್ತೆ, ಮತ್ತೆ ಅಷ್ಟೇ. ಈಗ ಜಗಲಿ ಗೋಡೆ ಮೇಲೂ ಹತ್ಕೊಂಡು ಹೋಗ್ತಿರ್ತವೆ. ಪಕ್ಕದ ಮನೆಯವರು ಸೀಮೆಎಣ್ಣೆ ಹಚ್ಚಿ ಅಂತಾರೆ, ನಮ್ಮ ಅತ್ತೆ ಮಂಗನ ಕಾಯಿಲೆ ಬರತ್ತೆ, ಮೊದ್ಲು ಅದನ್ನ ಎಲ್ಲಿಂದ ತಂದ್ರೋ ಅಲ್ಲಿಗೇ ಬಿಟ್ಟು ಬನ್ನಿ ಅಂತ ದಿನಾ ಗಲಾಟೆ. ಮನೇಲಿ ಬೆಕ್ಕು ಇದೆ, ಎರಡು ದನ ಇದಾವೆ. ಎಂತ ಮಾಡದು?

ಉತ್ತರ: ಮೊದ್ಲು ನಿಮ್ಮ ಅತ್ತೆಯವರ ಮಾತಿಗೆ ಬರ್ತೀನಿ, ಯಾಕಂದ್ರೆ ಅದು ಇತ್ಯರ್ಥ ಆಗದೆ ನಾಯಿ ಮನೇಲಿ ಉಳಿಯಲ್ಲ. ಅವರ ಹೆದರಿಕೆ ಸುಮ್ನೆ ಅಲ್ಲ ಕಣ್ರೀ. ಮಂಗನ ಕಾಯಿಲೆ ಮೊದ್ಲು ಪತ್ತೆ ಆಗಿದ್ದೇ ನಮ್ಮ ಜಿಲ್ಲೇಲಿ, 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ, ಸಾಗರದ ಅರಳಗೋಡಿನ ಕಡೆ 2019ರ ಆಸುಪಾಸಿನಲ್ಲಿ ಆದ ಸಾವುಗಳನ್ನ ಆ ಭಾಗದವರು ಯಾರೂ ಮರೆತಿಲ್ಲ. ಆದ್ರೆ ಆ ವೈರಸ್ಸನ್ನ ಹರಡೋದು ಮುಖ್ಯವಾಗಿ ಕಾಡಿನ ಉಣುಗು, ಹಿಮಾಫೈಸಾಲಿಸ್ ಅಂತ ಅದರ ಜಾತಿ. ಕಾಡಲ್ಲಿ, ಸೊಪ್ಪಿನ ಬೆಟ್ಟದಲ್ಲಿ, ಒಣಗಿದ ಎಲೆ ಬಿದ್ದ ಕಡೆ ಇರತ್ತೆ, ಮನುಷ್ಯರಿಗೆ ಹೆಚ್ಚಾಗಿ ಕಚ್ಚೋದು ಅದರ ಮರಿ, ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕದು. ನಿಮ್ಮ ಜಗಲಿ ಗೋಡೆ ಹತ್ತೋದು ಬಹುಪಾಲು ಬೇರೆ ಜಾತಿ. ಕಂದು ಬಣ್ಣದ ನಾಯಿ ಉಣುಗು ಅದು, ಪೇಟೆ ನಾಯಿಗಳ ಮೈಲಿ ಸಿಗೋದು ಸಾಮಾನ್ಯವಾಗಿ ಅದೇ, ಅದಕ್ಕೆ ನಾಯಿ ರಕ್ತವೇ ಇಷ್ಟ, ಮನುಷ್ಯರಿಗೆ ಕಚ್ಚೋದು ಕಮ್ಮಿ, ಇಲ್ವೇ ಇಲ್ಲ ಅಂತಲ್ಲ. ಅಂದ್ರೆ ಶಿವಮೊಗ್ಗ ಪೇಟೆ ಬೀದಿಯಿಂದ ಬಂದ ನಾಯಿ ಮಂಗನ ಕಾಯಿಲೆ ತಂತು ಅನ್ನೋದಕ್ಕಿಂತ, ಇನ್ನು ಮುಂದೆ ಅದು ನಿಮ್ಮ ಮನೆ ಹಿಂದಿನ ಬೆಟ್ಟಕ್ಕೆ ನುಗ್ಗಿ ಕಾಡುಣುಗನ್ನ ಮೈಗೆ ಹತ್ತಿಸ್ಕೊಂಡು ಮನೆಗೆ ತರಬಹುದು ಅನ್ನೋದು ಯೋಚ್ನೆ ಮಾಡೋ ವಿಷಯ. ನವೆಂಬರಿಂದ ಮೇ ವರೆಗೆ ಅದನ್ನ ಒಂಟಿಯಾಗಿ ಕಾಡಿಗೆ ಬಿಡಬೇಡಿ. ಮಂಗ, ಮುಸಿಯ ಸತ್ತು ಬಿದ್ದಿರೋ ಕಡೆ ನಾಯಿನೂ ಹೋಗಬಾರ್ದು ನೀವೂ ಹೋಗಬಾರ್ದು, ಸತ್ತ ಮಂಗದ ಮೈ ಬಿಟ್ಟ ಉಣುಗು ಅಲ್ಲೇ ಸುತ್ತ ಚೆಲ್ಲಿರ್ತವೆ, ಪಂಚಾಯ್ತಿಗೋ ಆಶಾ ಕಾರ್ಯಕರ್ತೆಗೋ ಹೇಳಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಡೋ, ಉಣುಗು ಹತ್ತದ ಹಾಗೆ ತಡೆಯೋ ಡೆಪಾ ಎಣ್ಣೆನ ತೋಟಕ್ಕೆ ಬೆಟ್ಟಕ್ಕೆ ಹೋಗೋ ಮನುಷ್ಯರು ಕೈಕಾಲಿಗೆ ಹಚ್ಕೊಳ್ಳಿ. ಅದು ನಾಯಿಗಲ್ಲ, ನೆಕ್ಕಿಬಿಡತ್ತೆ. ಮನೇಲಿ ಯಾರಿಗಾದ್ರೂ ಇದ್ದಕ್ಕಿದ್ದ ಹಾಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದ್ರೆ ಮಾತ್ರೆ ನುಂಗಿ ಮಲಗಬೇಡಿ, ಆಸ್ಪತ್ರೆಗೆ ಹೋಗಿ ಉಣುಗಿನ ವಿಷಯ ಹೇಳಿ. ಅತ್ತೆಯವರಿಗೆ ಇಷ್ಟು ಓದಿ ಹೇಳಿ ನೋಡಿ. ವಾಪಸ್ ಬಿಟ್ಟು ಬಂದ್ರೂ ಗೋಡೇಲಿರೋ ಉಣುಗು ನಾಯಿ ಜೊತೆ ಹೋಗಲ್ಲ ಅಂತಲೂ ಹೇಳಿ.

ನಿಜವಾದ ಕಷ್ಟ ಇರೋದೇ ಅಲ್ಲಿ. ಉಣುಗಿಗೆ ನಾಯಿ ಅಂದ್ರೆ ಊಟದ ಹೋಟ್ಲು, ವಾಸ ಅಲ್ಲಲ್ಲ. ಮರಿ ಒಂದ್ಸಲ ಬಂದು ರಕ್ತ ಕುಡಿದು ಕೆಳಗೆ ಬೀಳತ್ತೆ, ಗೋಡೆ ಬಿರುಕಲ್ಲೋ ಮರದ ಸಂದಿಲೋ ಕೂತು ಪೊರೆ ಬಿಡತ್ತೆ, ಮತ್ತೆ ಹತ್ತತ್ತೆ, ಮತ್ತೆ ಬೀಳತ್ತೆ, ಹಿಂಗೆ ದೊಡ್ಡದಾಗೋ ತನಕ ಎರಡು ಸಲ. ಕೊನೆಗೆ ಹೆಣ್ಣು ಉಣುಗು ರಕ್ತ ಕುಡಿದು ಹತ್ರ ಹತ್ರ ಒಂದು ಸೆಂಟಿಮೀಟರ್ ಊದ್ಕೊಂಡು, ಬೂದಿ ಬಣ್ಣಕ್ಕೆ ತಿರುಗಿ, ನಾಯಿ ಮೈಯಿಂದ ಉದುರಿ, ಸಂದಿ ಹುಡುಕಿ ಮೊಟ್ಟೆ ಇಟ್ಟು ಸಾಯತ್ತೆ. ಮೊಟ್ಟೆ ನೂರಿನ್ನೂರಲ್ಲ, ಸಾವಿರಗಟ್ಟಲೆ, 4000 ವರೆಗೂ ಹೋಗತ್ತೆ. ದೊಡ್ಡ ಉಣುಗು ಊಟ ಇಲ್ದೆ ವರ್ಷಕ್ಕೂ ಮೇಲೆ ಬದುಕಬಲ್ಲದು. ಮೇಲಕ್ಕೆ ಹತ್ತೋದು ಅದರ ಅಭ್ಯಾಸ, ಅದಕ್ಕೇ ನಿಮಗೆ ಗೋಡೇಲಿ ಕಾಣೋದು. ಶಾಂಪೂ ಹಾಕಿದ ದಿನ ನೀವು ಕೊಂದಿದ್ದು ಆವತ್ತು ಊಟಕ್ಕೆ ಬಂದಿದ್ದವನ್ನ ಮಾತ್ರ. ಎರಡು ದಿನ ಬಿಟ್ಟು ಬಂದವು ಹಳೇವಲ್ಲ, ಗೋಡೆಯಿಂದ ಹೊಸದಾಗಿ ಹಸ್ಕೊಂಡು ಬಂದವು.

ಹಾಗಾಗಿ ನಾಯಿ ಮೈಲಿ ಬಹಳ ದಿನ ನಿಲ್ಲೋ ಔಷಧಿ ಬೇಕು, ಒಂದು ದಿನದ್ದಲ್ಲ. ಈಗ ಬಾಯಿಗೆ ಕೊಡೋ ಮಾತ್ರೆ ಬಂದಿದಾವೆ, ಅಫಾಕ್ಸೊಲನರ್, ಸರೋಲನರ್, ಫ್ಲುರಾಲನರ್ ಅಂತ. ಮೊದಲ ಎರಡನ್ನ ತಿಂಗಳಿಗೊಂದ್ಸಲ ಕೊಡಬೇಕು, ಫ್ಲುರಾಲನರ್ ಸುಮಾರು 12 ವಾರ ಕೆಲಸ ಮಾಡತ್ತೆ. ರೇಟು ಜಾಸ್ತಿ, ಒಪ್ತೀನಿ, ಆದ್ರೆ ನಿಮ್ಮನೆ ತರ ಗೋಡೆಗೆಲ್ಲ ಹಬ್ಬಿರೋ ಕಡೆ ಶಾಂಪೂ ಪೌಡರ್ ಅಂತ ದುಡ್ಡು ಸುರಿಯೋ ಬದ್ಲು ಅದನ್ನೇ ಕೊಡೋದು ವಾಸಿ ಅನ್ನೋದು ನನ್ನ ಅಭಿಪ್ರಾಯ. ಇದ್ರಲ್ಲಿ ಒಂದು ವಿಷಯ ತಿಳ್ಕೊಳ್ಳಿ, ಉಣುಗು ಕಚ್ಚಿ ರಕ್ತ ಹೀರಿದ ಮೇಲೇ ಅದು ಸಾಯೋದು, ಅದಕ್ಕೆ ಮಾತ್ರೆ ಕೊಟ್ಟ ಮೇಲೂ ಮೈಮೇಲೆ ಉಣುಗು ಕಾಣ್ತವೆ, ಔಷಧಿ ಡೂಪ್ಲಿಕೇಟ್ ಅಂತ ಅಂಗಡಿಯವನ ಹತ್ರ ಜಗಳಕ್ಕೆ ಹೋಗಬೇಡಿ, ಒಂದೆರಡು ದಿನದಲ್ಲಿ ಒಣಗಿ ಉದುರ್ತವೆ. ನಾಯಿ ತೂಕ ನೋಡಿಯೇ ಮಾತ್ರೆ ತಗೋಬೇಕು, ದೊಡ್ಡ ನಾಯಿದು ತಂದು ಅರ್ಧ ಮಾಡಿ ಕೊಡೋದು ಬೇಡ. ಫಿಟ್ಸ್ ಬಂದಿರೋ ನಾಯಿಗೆ ಈ ಮಾತ್ರೆಗಳು ಆಗದೇ ಇರಬಹುದು. ನಿಮ್ಮದು ಬೀದಿಯಿಂದ ಬಂದಿದ್ದು, ಹಿಂದಿನ ಕತೆ ಯಾರಿಗೂ ಗೊತ್ತಿಲ್ಲ, ಹೊಟ್ಟೇಲಿ ಮರಿ ಇದ್ರೂ ಇರಬಹುದು, ಅದಕ್ಕೇ ಮೊದ್ಲು ಡಾಕ್ಟ್ರಿಗೆ ತೋರಿಸಿ ಆಮೇಲೆ ಕೊಡಿ. ಹಂಗೇ ರೇಬಿಸ್ ಲಸಿಕೆನೂ ಹಾಕ್ಸಿ.

ಮಾತ್ರೆ ಬೇಡ ಅಂದ್ರೆ ಬೆನ್ನ ಮೇಲೆ ಹೆಗಲ ನಡುವೆ ಕೂದಲು ಬಿಡಿಸಿ ಚರ್ಮದ ಮೇಲೆ ಬಿಡೋ ಫಿಪ್ರೋನಿಲ್ ಡ್ರಾಪ್ಸ್ ಇದೆ, ಹಾಕೋಕೆ ಎರಡು ದಿನ ಮುಂಚೆ, ಹಾಕಿ ಎರಡು ದಿನ ಆಮೇಲೆ ಸ್ನಾನ ಬೇಡ. ನಮ್ಮ ಕಡೆ ಮಳೇಲಿ ದಿನವಿಡೀ ನೆನೆಯೋ ನಾಯಿಗೆ ನಾನು ಅದನ್ನ ಅಷ್ಟಾಗಿ ಬರೆಯಲ್ಲ.

ಕೈಯಲ್ಲಿ ತೆಗೆಯೋದು ಬಿಡಬೇಡಿ, ದಿನಾ ಸಂಜೆ ನೋಡಿ, ಯಾಕಂದ್ರೆ ಉಣುಗು ಕಚ್ಚಿಕೊಂಡಿದ್ದಷ್ಟು ಹೊತ್ತೂ ರೋಗ ದಾಟೋ ಸಾಧ್ಯತೆ ಜಾಸ್ತಿ ಆಗ್ತಾ ಹೋಗತ್ತೆ. ಕಿವಿ ಮಡಿಕೆ, ಬೆಲ್ಟಿನ ಅಡಿ, ಕಂಕುಳು, ತೊಡೆ ಸಂದಿ, ಬಾಲದ ಬುಡ, ಬೆರಳ ಸಂದಿ, ಕಣ್ಣ ರೆಪ್ಪೆ, ಇಷ್ಟು ಕಡೆ ತಪ್ಪದೆ ನೋಡಿ. ಗ್ಲೌಸ್ ಇಲ್ದಿದ್ರೆ ಕೈಗೆ ಪ್ಲಾಸ್ಟಿಕ್ ಕವರ್ ಹಾಕ್ಕೊಂಡು, ತುದಿ ಸಣ್ಣ ಇರೋ ಚಿಮಟದಲ್ಲಿ ಉಣುಗಿನ ಹೊಟ್ಟೆ ಹಿಡೀದೆ ಚರ್ಮಕ್ಕೆ ತಾಗಿರೋ ತಲೆ ಹತ್ರ ಹಿಡಿದು, ತಿರುಗಿಸದೆ ನೇರವಾಗಿ ನಿಧಾನ ಎಳೀರಿ. ಬಾಯಿ ತುಂಡು ಒಳಗೇ ಉಳಿದ್ರೆ ಸೂಜಿ ಹಾಕಿ ಕೆದಕಬೇಡಿ, ಸಣ್ಣ ಗಂಟಾಗಿ ಕೆಲವು ದಿನದಲ್ಲಿ ತಾನೇ ಹೋಗತ್ತೆ, ನೀರು ಬೆರೆಸಿದ ಪೋವಿಡೋನ್ ಅಯೋಡಿನ್ ಹಚ್ಚಿ ಸಾಕು. ತೆಗೆದ ಉಣುಗನ್ನ ಉಗುರಲ್ಲಿ ಕುಕ್ಕೋ ಚಟ ನಮ್ಮವರಿಗೆ ಬಹಳ, ಅದು ಬೇಡವೇ ಬೇಡ, ಒಳಗಿನ ರಕ್ತ ಕೈಗೆ ತಾಗತ್ತೆ, ಸ್ಪಿರಿಟ್ ಹಾಕಿದ ಬಾಟ್ಲಿಗೆ ಹಾಕಿ ಮುಚ್ಚಳ ಹಾಕಿ.

ಸೀಮೆಎಣ್ಣೆ ಹಚ್ಚಬೇಡಿ. ಚರ್ಮ ಸುಡತ್ತೆ, ನಾಯಿ ನೆಕ್ಕತ್ತೆ, ವಾಂತಿ ಆಗಿ ಶ್ವಾಸಕೋಶಕ್ಕೆ ಇಳಿದ್ರೆ ನಾಯಿ ಉಳಿಯೋದು ಕಷ್ಟ. ಬೀಡಿ ತುದಿ ಮುಟ್ಟಿಸೋದು, ಹೊಗೆಸೊಪ್ಪಿನ ನೀರು, ಸೀತಾಫಲ ಬೀಜದ ಹಿಟ್ಟು ಇವೂ ಬೇಡ, ಹೊಗೆಸೊಪ್ಪು ವಿಷ, ಸೀತಾಫಲದ ಬೀಜ ಕಣ್ಣಿಗೆ ಬಿದ್ರೆ ಕಣ್ಣು ಹಾಳು.

ಇನ್ನು ಮನೆ. ಹಂಚಿನ ಮನೇಲಿ, ಮಣ್ಣಿನ ಗೋಡೆ ಇದ್ರಂತೂ, ಇದು ನಿಜಕ್ಕೂ ಬೇಜಾರಿನ ಕೆಲಸ. ನಾಯಿಗೆ ಮಲಗೋಕೆ ಒಂದೇ ಜಾಗ ಮಾಡಿ, ಗೋಣಿಚೀಲ ತೆಗೆದು ತೊಳೆಯೋಕಾಗೋ ಹಳೇ ಬೆಡ್‌ಶೀಟ್ ಹಾಕಿ, ವಾರಕ್ಕೊಂದ್ಸಲ ಬಚ್ಚಲ ಹಂಡೆಯ ಕುದಿಯೋ ನೀರಲ್ಲಿ ಅದ್ದಿ ಬಿಸಿಲಿಗೆ ಹಾಕಿ. ಜಗಲಿ ಗೋಡೆ ಬಿರುಕು, ಬಾಗಿಲು ಚೌಕಟ್ಟಿನ ಸಂದಿ, ಅಂಗಳದ ಕಲ್ಲಿನ ಸಂದಿಗೆಲ್ಲ ಕುದಿಯೋ ನೀರು ಹುಯ್ದು ಆಮೇಲೆ ಸಿಮೆಂಟಲ್ಲಿ ಮುಚ್ಚಿ. ಗೋಡೆಗೆ ಒರಗಿಸಿರೋ ಕಟ್ಟಿಗೆ ರಾಶಿನ ದೂರ ಮಾಡಿ, ನಾಯಿ ಓಡಾಡೋ ಅಂಗಳದ ಸುತ್ತ ಎಲೆ ಕಸ ಗುಡಿಸಿ. ಡೆಲ್ಟಾಮೆಥ್ರಿನ್ ತರದ ಔಷಧಿನ ಬಿರುಕುಗಳಿಗೆ ಹೊಡೀಬಹುದು, ಲೇಬಲ್ ಮೇಲೆ ಹೇಳಿದಷ್ಟೇ ನೀರು ಬೆರೆಸಿ. ಒಣಗೋ ತನಕ ನಾಯಿ ಬೆಕ್ಕು ಮಕ್ಕಳು ಆ ಕಡೆ ಬರಬಾರ್ದು, ಬೆಕ್ಕಿಗಂತೂ ಆ ಜಾತಿ ಔಷಧಿ ಬಹಳ ಕೆಟ್ಟದ್ದು. ಜೇನುಪೆಟ್ಟಿಗೆ ಇಟ್ಟಿದ್ರೆ ಆ ದಿಕ್ಕಿಗೆ ಹೊಡೀಬೇಡಿ, ಪಂಪು ತೊಳೆದ ನೀರನ್ನ ತೋಟದ ಹಳ್ಳಕ್ಕೆ ಚೆಲ್ಲಬೇಡಿ, ಮೀನು ಸಾಯ್ತವೆ. ಒಂದ್ಸಲ ಹೊಡೆದ್ರೆ ಮೊಟ್ಟೆ ಎಲ್ಲ ಹಾಳಾಗಲ್ಲ, ಎರಡು ಮೂರು ವಾರ ಬಿಟ್ಟು ಮತ್ತೆ ಹೊಡೀಬೇಕು. ಕೊಟ್ಟಿಗೆ ದನಗಳ ಮೈಲಿರೋ ಉಣುಗು ಬಹುಪಾಲು ಬೇರೆ ಜಾತಿ, ಅದಕ್ಕೆ ನಿಮ್ಮೂರಿನ ಪಶು ಆಸ್ಪತ್ರೇಲಿ ಬೇರೆ ಔಷಧಿ ಕೊಡ್ತಾರೆ, ನಾಯಿದು ದನಕ್ಕೆ, ದನದ್ದು ನಾಯಿಗೆ ಬೇಡ. ಬೆಚ್ಚಗಿನ ಕಾಲದಲ್ಲಿ ಮೊಟ್ಟೆಯಿಂದ ಮತ್ತೆ ಮೊಟ್ಟೆ ಇಡೋ ತನಕ ಎರಡು ಮೂರು ತಿಂಗಳು ಸಾಕು, ಅದಕ್ಕೇ ಗೋಡೇಲಿ ಉಣುಗು ಕಾಣೋದು ನಿಂತ್ರೂ ನಾಯಿಗೆ ಔಷಧಿ ಕಡಿಮೆ ಅಂದ್ರೆ ಆರು ತಿಂಗಳು ಬಿಡದೆ ಕೊಡಿ. ಹಸ್ಕೊಂಡು ಬರೋ ಪ್ರತಿ ಉಣುಗೂ ನಾಯಿಗೆ ಕಚ್ಚಿ ಅಲ್ಲೇ ಸಾಯ್ತಾ ಹೋದ್ರೆ ಗೋಡೆ ತಾನಾಗೇ ಖಾಲಿ ಆಗತ್ತೆ.

ಪ್ರಶ್ನೆ: ಸರ್, ನಮ್ಮ ನಾಯಿಗೆ ಉಣುಗು ಪೂರ್ತಿ ಹೋಗಿ ಎರಡು ವಾರ ಆಯ್ತು. ಈಗ ಊಟ ಬಿಟ್ಟಿದೆ, ಮಂಕಾಗಿ ಮಲಗಿರತ್ತೆ, ಮೈ ಬಿಸಿ ಇದೆ, ನಿನ್ನೆಯಿಂದ ಮೂತ್ರ ಕಾಫಿ ಬಣ್ಣಕ್ಕೆ ಬರ್ತಿದೆ. ಕ್ರೋಸಿನ್ ಅರ್ಧ ಕೊಡಬಹುದಾ? (ಭದ್ರಾವತಿ)

ಉತ್ತರ: ಕ್ರೋಸಿನ್ ಬೇಡ, ಮನುಷ್ಯರ ಬೇರೆ ಜ್ವರದ ಮಾತ್ರೆನೂ ಬೇಡ. ಈ ಪತ್ರಿಕೆ ನಿಮ್ಮ ಕೈಗೆ ಬರೋದ್ರೊಳಗೆ ನೀವು ನಾಯಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿರ್ತೀರ ಅಂದ್ಕೊಂಡಿದೀನಿ, ಇಲ್ದಿದ್ರೆ ಇದನ್ನ ಓದೋದು ಬಿಟ್ಟು ಹೊರಡಿ. ಮೂತ್ರ ಆ ಬಣ್ಣ ಅಂದ್ರೆ ಬಬೇಸಿಯಾ ಇರೋ ಸಾಧ್ಯತೆ ಇದೆ, ಕೆಂಪು ರಕ್ತಕಣದ ಒಳಗೆ ಸೇರ್ಕೊಂಡು ಕಣವನ್ನೇ ಒಡೆಯೋ ಪರಾವಲಂಬಿ ಅದು. ತುಟಿ ಎತ್ತಿ ವಸಡು ನೋಡಿ, ಗುಲಾಬಿ ಇರಬೇಕಾದ್ದು ಬಿಳುಚಿಕೊಂಡಿದ್ರೆ ರಕ್ತ ಆಗ್ಲೇ ಇಳಿದಿದೆ ಅಂತ. ಉಣುಗಿಂದ ಬರೋ ಇನ್ನೊಂದು ಕಾಯಿಲೆ ಎರ್ಲಿಕಿಯಾ, ಅದ್ರಲ್ಲಿ ಪ್ಲೇಟ್ಲೆಟ್ ಬೀಳತ್ತೆ, ಕೆಲವಕ್ಕೆ ಮೂಗಲ್ಲಿ ರಕ್ತ ಬರತ್ತೆ. ಎರಡೂ ಒಟ್ಟಿಗೇ ಇರೋದೂ ಉಂಟು. ಉಣುಗು ಹೋದ ಮೇಲೆ ಕಾಯಿಲೆ ಕಾಣಿಸ್ಕೊಂಡಿದ್ದಕ್ಕೆ ಆಶ್ಚರ್ಯ ಬೇಡ, ಕಚ್ಚಿ ಒಂದರಿಂದ ಮೂರು ವಾರ ಬಿಟ್ಟು ಜ್ವರ ಶುರು ಆಗೋದೇ ಹೆಚ್ಚು, ಎರ್ಲಿಕಿಯಾ ಅಂತೂ ತಿಂಗಳುಗಟ್ಟಲೆ ಒಳಗೇ ಕೂತಿರಬಹುದು.

ರಕ್ತದ ಟೆಸ್ಟ್ ಮಾಡಿಸದೆ ಇಂಜೆಕ್ಷನ್ ಹಾಕಿಸ್ಕೋಬೇಡಿ, ಎರಡಕ್ಕೂ ಔಷಧಿ ಬೇರೆ ಬೇರೆ. ನಿಮ್ಮ ಹತ್ರ ಲ್ಯಾಬ್ ಇಲ್ದಿದ್ರೆ ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಭದ್ರಾವತಿಯಿಂದ ಏನು ದೂರ ಅಲ್ಲ. ಎರ್ಲಿಕಿಯಾ ಅಂತ ಬಂದ್ರೆ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 28 ದಿನ ಬರೀತಾರೆ. ಮೂರ್ನಾಲ್ಕು ದಿನಕ್ಕೆ ನಾಯಿ ಎದ್ದು ಬಾಲ ಅಲ್ಲಾಡಿಸತ್ತೆ, ಮನೆಯವರು ಅಲ್ಲಿಗೇ ನಿಲ್ಲಿಸ್ತಾರೆ, ಎರಡು ತಿಂಗಳು ಬಿಟ್ಟು ಅದೇ ನಾಯಿ ಇನ್ನೂ ಕೆಟ್ಟ ಸ್ಥಿತೀಲಿ ಮೇಜಿನ ಮೇಲೆ ಬರತ್ತೆ, ಇದನ್ನ ನೋಡಿ ನೋಡಿ ಸಾಕಾಗಿದೆ. ಪೂರ್ತಿ ಕೋರ್ಸ್ ಕೊಡಿ, ಊಟದ ಜೊತೆ ಕೊಡಿ, ಹಿಂದೆ ಒಂದಿಷ್ಟು ನೀರು ಕುಡಿಸಿ.

ಪ್ರಶ್ನೆ: ದನಕ್ಕೆ ಹೊಡೆಯೋ ಬ್ಯುಟಾಕ್ಸ್ ಮನೇಲಿದೆ. ನಾಯಿಗೆ ಒಂದು ಲೀಟರ್ ನೀರಿಗೆ ಎಷ್ಟು ಎಂಎಲ್ ಹಾಕಬೇಕು? ನಮ್ಮೂರಲ್ಲಿ ಎಲ್ರೂ ಹಾಕ್ತಾರೆ. (ಸಾಗರ)

ಉತ್ತರ: ಲೆಕ್ಕ ನಾನು ಹೇಳಲ್ಲ ಮಾರಾಯ್ರೆ. ಎಲ್ರೂ ಹಾಕ್ತಾರೆ ನಿಜ, ಬಾಟ್ಲಿ ಮುಚ್ಚಳದ ಅಳತೇಲಿ ಹಾಕಿ ನಾಯಿ ನಡುಗ್ತಾ ಜೊಲ್ಲು ಸುರಿಸ್ತಾ ಬಂದಾಗ ನಮ್ಮ ಹತ್ರ ಓಡಿ ಬರೋರೂ ಅವ್ರೇ. ದನ ಮೈ ನೆಕ್ಕೋದಕ್ಕೂ ನಾಯಿ ನೆಕ್ಕೋದಕ್ಕೂ ಬಹಳ ವ್ಯತ್ಯಾಸ ಇದೆ, ತೂಕದ ಮಾತಂತೂ ಬಿಡಿ. ಗಾಯ ಇರೋ ಚರ್ಮ, ಮರಿ, ಬಸುರಿ ನಾಯಿ ಆದ್ರೆ ಇನ್ನೂ ಅಪಾಯ, ಅದೇ ನಾಯಿ ಪಕ್ಕ ಬೆಕ್ಕು ಮಲಗಿದ್ರೆ ಅದಕ್ಕೂ. ಐವರ್‌ಮೆಕ್ಟಿನ್ ಇಂಜೆಕ್ಷನ್ ಚುಚ್ಚಿಸೋದೂ ಇದೇ ಜಾತಿ ಅಭ್ಯಾಸ, ನಾಯಿ ಉಣುಗಿಗೆ ಅದರಿಂದ ಹೇಳ್ಕೊಳ್ಳೋವಂತ ಕೆಲಸ ಆಗಲ್ಲ, ಕೋಲಿ ತರದ ಕೆಲವು ತಳಿಗೆ ಅದು ಪ್ರಾಣಕ್ಕೇ ಬರತ್ತೆ.

ಪ್ರಶ್ನೆ: ಬೆಳ್ಳುಳ್ಳಿ ತಿನ್ನಿಸಿದ್ರೆ ಉಣುಗು ಹತ್ತಲ್ಲ ಅಂತಾರಲ್ಲ? ಬೇವಿನೆಣ್ಣೆ? (ತೀರ್ಥಹಳ್ಳಿ)

ಉತ್ತರ: ಬೆಳ್ಳುಳ್ಳಿ, ಈರುಳ್ಳಿ ಎರಡೂ ನಾಯಿಯ ಕೆಂಪು ರಕ್ತಕಣ ಒಡೆಯತ್ತೆ, ಉಣುಗು ಆಗ್ಲೇ ರಕ್ತ ಹೀರಿರೋ ನಾಯಿಗೆ ಅದನ್ನ ಕೊಡೋದು ಯಾವ ಲೆಕ್ಕ? ಬೇವಿನೆಣ್ಣೆ ಬೇರೆ ಎಣ್ಣೇಲಿ ತೆಳು ಮಾಡಿ ನೆಕ್ಕೋಕೆ ಸಿಗದ ಜಾಗಕ್ಕೆ ಸ್ವಲ್ಪ ಹಚ್ಚಿದ್ರೆ ಹೊಸ ಉಣುಗು ಒಂದಷ್ಟು ಹೊತ್ತು ಹಿಂಜರಿಯಬಹುದು, ಕಚ್ಚಿ ಕೂತಿರೋದು ಅದಕ್ಕೆ ಬಿಡಲ್ಲ. ಅದನ್ನ ನಂಬ್ಕೊಂಡು ಮಾತ್ರೆ ತಪ್ಪಿಸಬೇಡಿ.