ಹೊಸಾ ಕಾರ್ಡ್ ಹಾಕಿದ್ರೂ ವಾರದಾಗ ಕೆಡೂದು

ಯಾದಗಿರಿ ಸೈಟಿನಾಗ ಹೊಸಾ ಲೈನ್ ಕಾರ್ಡ್ (ಟೆಲಿಕಾಂ ರ್‍ಯಾಕಿನಾಗ ಕೂಡ್ರಿಸೋ, ಗಿರಾಕಿಗಳ ಲೈನ್ ಜೋಡಿಸೋ ಸರ್ಕ್ಯೂಟ್ ಬೋರ್ಡ್) ಹಾಕಿದ್ರೂ ವಾರದಾಗ ಎರಡು ಹೋದ್ವು ಅಂದೀರಲ್ಲ, ಹೆಚ್ಚಾಗಿ ಅದು ಕೈಯಿಂದ ಹಾರಿದ ಸ್ಟ್ಯಾಟಿಕ್, ಅಂದ್ರ ಮೈಮ್ಯಾಲ ಕೂಡಿದ ಸ್ಥಿರ ವಿದ್ಯುತ್. ನೂರಕ್ಕ ನೂರು ಅನ್ನಾಕ ಬರಂಗಿಲ್ಲ, ಆದ್ರ ನಮ್ಮ ಕಡೆ ಬ್ಯಾಸಗಿ ಗಾಳಿ ಪೂರಾ ಒಣಾ, ಪಾಲಿಸ್ಟರ್ ಅಂಗಿ ಹಾಕ್ಕೊಂಡು ನಾಕು ಹೆಜ್ಜಿ ನಡದ್ರ ಮೈಮ್ಯಾಲ ಸಾವಿರಾರು ವೋಲ್ಟ್ ಕೂಡ್ತದ, ಸುಮಾರು 3000 ಆಗೋತನಾ ನಮಗ ಚುರ್ ಅನ್ನಂಗಿಲ್ಲ, ಕೆಲವು ಚಿಪ್ಪಿಗೆ 100 ವೋಲ್ಟೇ ಸಾಕು. ಚಿಪ್ ಎಷ್ಟೋ ಸಲ ಅವತ್ತೇ ಸಾಯಂಗಿಲ್ಲ ನೋಡ್ರಿ, ಒಳಗ ಅರ್ಧ ಪೆಟ್ಟು ತಿಂದು ಆಮ್ಯಾಲ ಕೈಕೊಡ್ತದ.

ಮೊದ್ಲು ಮಲ್ಟಿಮೀಟರ್ ತಗೊಂಡು ರ್‍ಯಾಕ್ ಫ್ರೇಮಿಗೂ ಅರ್ಥ್ ಬಾರಿಗೂ (ನೆಲಕ್ಕ ಜೋಡಿಸಿದ ಲೋಹದ ಪಟ್ಟಿ) ಕಂಟಿನ್ಯುಟಿ, ಅಂದ್ರ ಕರೆಂಟ್ ಹರಿಯೋ ಜೋಡಣಿ, ಅದನೋ ಇಲ್ಲೋ ನೋಡ್ರಿ, ಅದಿಲ್ಲಂದ್ರ ಉಳಿದದ್ದೆಲ್ಲಾ ದಂಡ. ಆಮ್ಯಾಲ ರಿಸ್ಟ್ ಸ್ಟ್ರ್ಯಾಪ್ (ಮೈಮ್ಯಾಲಿನ ಸ್ಟ್ಯಾಟಿಕ್ ಅರ್ಥಿಗೆ ಇಳಿಸೋ ಮಣಿಕಟ್ಟಿನ ಪಟ್ಟಿ) ಬರೀ ಚರ್ಮಕ್ಕ ಬಿಗಿಯಾಗಿ ಕಟ್ರಿ, ಅಂಗಿ ತೋಳಿನ ಮ್ಯಾಲಲ್ಲ, ಕ್ಲಿಪ್ ಇಎಸ್‌ಡಿ ಜಾಕಿಗೆ (ಸ್ಟ್ರ್ಯಾಪ್ ಹಚ್ಚಾಕಂತ ಇರೋ ಅರ್ಥ್ ತೂತು), ಜಾಕ್ ಇಲ್ಲಂದ್ರ ಫ್ರೇಮಿನ ಪೇಂಟ್ ಇಲ್ಲದ ಬೋಲ್ಟಿಗೆ ಹಚ್ರಿ. ಅದರೊಳಗ 1 ಮೆಗಾಓಮ್ ರೆಸಿಸ್ಟರ್ ಇರೂದು ನಿಮ್ಮ ಜೀವ ಉಳಿಸಾಕ, ಅದರ ಬದ್ಲಿ ಬರೀ ವೈರ್ ಸುತ್ಕೋಬ್ಯಾಡ್ರಿ. ಸ್ಟ್ರ್ಯಾಪಿಗೆ ಮೀಟರ್ ಹಚ್ಚಿದ್ರ ಸುಮಾರು ಅಷ್ಟೇ ತೋರಿಸಬೇಕು, ಓಪನ್ ಬಂದ್ರ ಒಳಗ ವೈರ್ ಹರದದ ಅಂತ, ಬದ್ಲಿ ಮಾಡ್ರಿ.

ಹೊಸಾ ಕಾರ್ಡ್ ಬೆಳ್ಳಿ ಬಣ್ಣದ ಶೀಲ್ಡಿಂಗ್ ಕವರಿನಾಗೇ ರ್‍ಯಾಕ್ ತನಾ ಒಯ್ರಿ, ಸ್ಟ್ರ್ಯಾಪ್ ಕಟ್ಟಿದ ಮ್ಯಾಲೇ ಕವರ್ ತಗೀರಿ. ಗುಲಾಬಿ ಕವರ್ ಹೊರಗಿನ ಸ್ಟ್ಯಾಟಿಕ್ ತಡಿಯಂಗಿಲ್ಲ. ಅಂಚು ಹಿಡೀರಿ, ಹಿಂದಿನ ಪಿನ್ ಮುಟ್ಟಬ್ಯಾಡ್ರಿ. ತಗದ ಹಳೇ ಕಾರ್ಡೂ ಥರ್ಮಾಕೋಲ್ ಮ್ಯಾಲ ಇಡಬ್ಯಾಡ್ರಿ, ಅದು ರಿಪೇರಿಗೆ ಹೋಗೂದದ.

ಇಷ್ಟಾದ್ರೂ ಅದೇ ಸ್ಲಾಟಿನಾಗ ಮತ್ತ ಕೆಟ್ರ ಸ್ಟ್ಯಾಟಿಕ್ ಬಿಟ್ಟು ಆ ಸ್ಲಾಟಿನ ಪಿನ್ ಬಾಗ್ಯಾವೇನು, 48 ವೋಲ್ಟ್ ಸಪ್ಲೈ ಸರಿ ಬರ್ತದೇನು ಚೆಕ್ ಮಾಡ್ರಿ.