ಸಂಪಾದಕರ ಉತ್ತರ: ದೀಪ ಹೊತ್ತಿಕೊಳ್ಳದ ಮೇಜು

ಎಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅವರ ವಿಭಾಗವು ಓಪನ್ ಸೋರ್ಸ್ ತಂತ್ರಾಂಶ (ಒಳಗಿನ ಕೋಡನ್ನು ಯಾರು ಬೇಕಾದರೂ ತೆರೆದು ಓದಬಹುದಾದದ್ದು) ಮತ್ತು ಆರ್ಡುಯಿನೋ ಎಂಬ, ನಾವು ಬರೆದ ಆದೇಶಗಳಂತೆ ನಡೆಯುವ ಪುಟ್ಟ ಸರ್ಕ್ಯೂಟ್ ಬೋರ್ಡ್‌ಗಳ ಬಗ್ಗೆ ಎರಡು ದಿನಗಳ ಕಾರ್ಯಾಗಾರ ನಡೆಸಿತು. ಅರವತ್ತು ವಿದ್ಯಾರ್ಥಿಗಳು ಬಂದಿದ್ದರು. ಮೊದಲ ದಿನದ ಅರ್ಧ ತಂತ್ರಾಂಶ ಇನ್‌ಸ್ಟಾಲ್ ಮಾಡುವುದರಲ್ಲೇ ಕಳೆಯಿತು. ಎರಡನೆಯ ದಿನ ಸಂಜೆಗೆ ಎಲ್ಲರ ಎಲ್‌ಇಡಿಯೂ ಮಿನುಗಿತು, ಎಲ್ಲರಿಗೂ ಪ್ರಮಾಣಪತ್ರ ಸಿಕ್ಕಿತು. ತಿಂಗಳ ನಂತರ ವಿಚಾರಿಸಿದಾಗ ಒಬ್ಬರೂ ಬೋರ್ಡನ್ನು ಬಳಸುತ್ತಿರಲಿಲ್ಲ. ಇಂಥ ಕಾರ್ಯಾಗಾರಗಳಿಂದ ಪ್ರಯೋಜನವುಂಟೇ ಎಂಬುದು ಅವರ ಮೊದಲ ಪ್ರಶ್ನೆ. ಕಂಪನಿಗಳು ದುಬಾರಿ ತಂತ್ರಾಂಶಗಳ ಹೆಸರನ್ನೇ ಕೇಳುವಾಗ ಉಚಿತವಾದದ್ದನ್ನು ಕಲಿಸುವುದು ಸರಿಯೇ ಎಂಬುದು ಎರಡನೆಯದು. ಎರಡು ಬೋರ್ಡ್‌ಗಳು ಸುಟ್ಟುಹೋಗಿರುವುದರಿಂದ ಮುಂದಿನ ಬಾರಿ ಎಲ್ಲವನ್ನೂ ಪರದೆಯ ಮೇಲೆ ತೋರಿಸಿ ಮುಗಿಸೋಣ ಎಂದು ವಿಭಾಗದ ಹಿರಿಯರು ಹೇಳುತ್ತಿದ್ದಾರೆ. ಒಪ್ಪಬಹುದೇ ಎಂಬುದು ಮೂರನೆಯದು.

ಪ್ರಿಯ ಉಪನ್ಯಾಸಕರೇ,

ನಿಮ್ಮ ಪತ್ರದ ಎರಡನೆಯ ಪುಟದಲ್ಲಿ ನೀವು ಸ್ವಲ್ಪ ಹೆಮ್ಮೆಯಿಂದಲೇ ಬರೆದ ಸಾಲೊಂದಿದೆ: ‘ಎಲ್ಲಿ ತೊಡಕು ಬಂದರೂ ನಮ್ಮ ಸಹಾಯಕರು ಎರಡು ನಿಮಿಷದಲ್ಲಿ ಸರಿಪಡಿಸಿ ಕೊಟ್ಟರು.’ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಆ ಸಾಲಿನಲ್ಲಿಯೇ ಇದೆ ಎಂದರೆ ಬೇಸರಪಡಬೇಡಿ.

ಕೆಲವು ವರ್ಷಗಳ ಹಿಂದೆ ಇಂಥದ್ದೇ ಕಾರ್ಯಾಗಾರದಲ್ಲಿ ನಾನೂ ಕುಳಿತಿದ್ದೆ. ಲೇಖನ ಬರೆಯುವ ನೆಪ; ನಿಜವಾಗಿ ಕುತೂಹಲ. ನನ್ನ ಬೋರ್ಡನ್ನು ಲ್ಯಾಪ್‌ಟಾಪ್ ಗುರುತಿಸಲಿಲ್ಲ. ಸಹಾಯಕ ಹುಡುಗ ಬಂದು ಯುಎಸ್‌ಬಿ ಕೇಬಲ್ ಕಿತ್ತು, ಬೇರೊಂದನ್ನು ಚುಚ್ಚಿ, ‘ಈಗ ಆಗುತ್ತದೆ ಸರ್’ ಎಂದು ಮುಂದೆ ಹೋದ. ಆಯಿತು ಕೂಡ. ಆದರೆ ಪಕ್ಕದಲ್ಲಿದ್ದ ವಿದ್ಯಾರ್ಥಿನಿ ಬಿಡಲಿಲ್ಲ. ಹಳೆಯ ಕೇಬಲ್‌ನಲ್ಲಿ ಬೋರ್ಡಿನ ದೀಪ ಉರಿಯುತ್ತಿತ್ತಲ್ಲ, ಮತ್ತೇಕೆ ಆಗಲಿಲ್ಲ ಎಂದು ಕೇಳಿದಳು. ವಿರಾಮದ ಹೊತ್ತಿನಲ್ಲಿ ಅದೇ ಕೇಬಲ್ಲಿಗೆ ಮೊಬೈಲ್ ಸಿಕ್ಕಿಸಿ ನೋಡಿದೆವು. ಮೊಬೈಲ್ ಚಾರ್ಜ್ ಆಯಿತು, ಆದರೆ ಅದರೊಳಗಿನ ಚಿತ್ರಗಳು ಲ್ಯಾಪ್‌ಟಾಪ್‌ಗೆ ಕಾಣಿಸಲಿಲ್ಲ. ಅದು ಚಾರ್ಜಿಂಗ್‌ಗೆಂದೇ ಮಾಡಿದ ಕೇಬಲ್: ವಿದ್ಯುತ್ತಿನ ತಂತಿಗಳಷ್ಟೇ ಇವೆ, ದತ್ತಾಂಶದ ತಂತಿಗಳಿಲ್ಲ. ಆ ಎರಡು ದಿನಗಳ ಸ್ಲೈಡುಗಳಲ್ಲಿ ಏನಿತ್ತೋ ನನಗೆ ನೆನಪಿಲ್ಲ. ಆದರೆ ಇಂದಿಗೂ ಕಚೇರಿಯಲ್ಲಿ ಯಾವುದಾದರೂ ಯಂತ್ರ ‘ಸಿಗುತ್ತಿಲ್ಲ’ ಎಂದರೆ ನನ್ನ ಕೈ ಮೊದಲು ಹೋಗುವುದು ಕೇಬಲ್ಲಿನ ಕಡೆಗೆ.

ನಿಮ್ಮ ಅರವತ್ತು ಜನರ ಎಲ್‌ಇಡಿಗಳು ಮಿನುಗಿದ್ದು ಸಹಾಯಕರ ಬುದ್ಧಿಯಿಂದ. ಮನೆಗೆ ಹೋದ ಮೇಲೆ ಮೊದಲ ತೊಡಕು ಬಂದಾಗ ಸಹಾಯಕರು ಇರಲಿಲ್ಲ. ಬೋರ್ಡು ಡಬ್ಬಿಗೆ ಮರಳಿತು. ಅದನ್ನು ಸೋಮಾರಿತನ ಎನ್ನಲು ನನಗೆ ಮನಸ್ಸಿಲ್ಲ. ತೊಡಕಿನ ಮುಂದೆ ಕುಳಿತು ರೂಢಿಯೇ ಇಲ್ಲದವರು ಇನ್ನೇನು ಮಾಡಿಯಾರು?

ಹಾಗಾಗಿ ಮುಂದಿನ ಬಾರಿ ಎರಡನೆಯ ದಿನದ ಬೆಳಗನ್ನು ಪೂರ್ತಿಯಾಗಿ ಕೆಟ್ಟ ಸರ್ಕ್ಯೂಟ್‌ಗಳಿಗೆ ಮೀಸಲಿಡಿ. ನೀವೇ ಕೆಡಿಸಿ ಕೊಡಿ. ಬೇಕಾದಷ್ಟು ದಾರಿಗಳಿವೆ. ಬೆಸುಗೆಯಿಲ್ಲದೆ ಸರ್ಕ್ಯೂಟ್ ಜೋಡಿಸುವ ಕೆಲವು ಉದ್ದನೆಯ ಬ್ರೆಡ್‌ಬೋರ್ಡ್‌ಗಳಲ್ಲಿ ಅಂಚಿನ ವಿದ್ಯುತ್ ಸಾಲು ನಡುವೆ ತುಂಡಾಗಿರುತ್ತದೆ. ಎಡಗಡೆ ಐದು ವೋಲ್ಟ್ ಕೊಟ್ಟು ಬಲಗಡೆ ಎಲ್‌ಇಡಿ ಇಟ್ಟರೆ ಅದು ಹೊತ್ತಿಕೊಳ್ಳುವುದಿಲ್ಲ. ಪ್ರತ್ಯೇಕ ಬ್ಯಾಟರಿಯಿಂದ ಮೋಟಾರು ಓಡಿಸುವಾಗ ಬ್ಯಾಟರಿಯ ಗ್ರೌಂಡನ್ನೂ (ಸೊನ್ನೆ ವೋಲ್ಟಿನ ತಂತಿಯನ್ನೂ) ಬೋರ್ಡಿನ ಗ್ರೌಂಡನ್ನೂ ಜೋಡಿಸದೆ ಬಿಡಿ. ನನಗೆ ಬಹಳ ಇಷ್ಟವಾದದ್ದು ಇನ್ನೊಂದು: ಸ್ವಿಚ್ಚಿಗೆ ಪುಲ್‌ಅಪ್ ರೆಸಿಸ್ಟರ್ (ಸ್ವಿಚ್ಚು ತೆರೆದಿದ್ದಾಗ ಪಿನ್ನನ್ನು ಐದು ವೋಲ್ಟಿಗೆ ಹಿಡಿದಿಡುವುದು) ಹಾಕದೆ ಬಿಡುವುದು. ಆಗ ಇನ್‌ಪುಟ್ ಪಿನ್ ಯಾವ ಕಡೆಗೂ ಸೇರದೆ ತೇಲುತ್ತದೆ. ಬೆರಳನ್ನು ಹತ್ತಿರ ತಂದರೇ ಸಾಕು, ಎಲ್‌ಇಡಿ ಮನಬಂದಂತೆ ಕುಣಿಯುತ್ತದೆ. ಬೋರ್ಡಿಗೆ ದೆವ್ವ ಹಿಡಿದಿದೆ ಎಂದು ಮಕ್ಕಳು ನಗುತ್ತಾರೆ. ಆ ನಗುವಿನ ಬೆನ್ನಿಗೇ ಪ್ರಶ್ನೆ ಬರುತ್ತದೆ. ಅಲ್ಲಿಯವರೆಗೂ ಸಹಾಯಕರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿರಲಿ. ಅವರು ಕೊಡಬೇಕಾದದ್ದು ಒಂದು ಮಲ್ಟಿಮೀಟರ್, ಜೊತೆಗೆ ‘ಎಲ್ಲಿಯವರೆಗೆ ಸರಿಯಿದೆ, ಎಲ್ಲಿಂದ ಇಲ್ಲ?’ ಎಂಬ ಒಂದು ಪ್ರಶ್ನೆ.

ಇದನ್ನು ಯಾವ ತಂತ್ರಾಂಶದಲ್ಲಾದರೂ ಮಾಡಬಹುದಲ್ಲ, ಓಪನ್ ಸೋರ್ಸೇ ಏಕೆ ಎಂದು ನೀವು ಕೇಳಬಹುದು. ಹುಡುಕುತ್ತ ಹೋದವರಿಗೆ ಎಲ್ಲೋ ಒಂದು ಕಡೆ ಬೀಗ ಹಾಕಿದ ಬಾಗಿಲು ಎದುರಾಗಬಾರದು, ಅದಕ್ಕೆ. ಉದಾಹರಣೆಗೆ, ಆರ್ಡುಯಿನೋದಲ್ಲಿ ಎಲ್‌ಇಡಿ ಹೊತ್ತಿಸಲು ‘ಡಿಜಿಟಲ್‌ರೈಟ್’ ಎಂಬ ಆದೇಶ ಬರೆಯುತ್ತೇವೆ. ಅದು ಮುಗಿಯಲು ಕೆಲವು ಮೈಕ್ರೋಸೆಕೆಂಡ್‌ಗಳು ಹಿಡಿಯುತ್ತವೆ. ಅದೇ ಕೆಲಸವನ್ನು ಚಿಪ್ಪಿನ ಪೋರ್ಟಿಗೆ (ಪಿನ್ನುಗಳ ಗುಂಪಿಗೆ) ನೇರವಾಗಿ ಬರೆದರೆ 16 ಮೆಗಾಹರ್ಟ್ಸ್ ಗಡಿಯಾರದ ಎರಡು ಮಿಡಿತ, ಅಂದರೆ 125 ನ್ಯಾನೋಸೆಕೆಂಡ್ ಸಾಕು. ಇಷ್ಟು ವ್ಯತ್ಯಾಸ ಏಕೆ? ಉತ್ತರ ಅವರ ಲ್ಯಾಪ್‌ಟಾಪಿನಲ್ಲೇ ಇದೆ. ‘ವೈರಿಂಗ್ ಡಿಜಿಟಲ್’ ಎಂಬ ಹೆಸರಿನ ಕಡತ ತೆರೆದರೆ ಆ ಆದೇಶದ ಒಳಗು ಕಾಣಿಸುತ್ತದೆ: ಯಾವ ಪಿನ್ ಯಾವ ಪೋರ್ಟಿಗೆ ಸೇರಿದ್ದು ಎಂದು ಕೋಷ್ಟಕದಲ್ಲಿ ಹುಡುಕುತ್ತದೆ, ಆ ಪಿನ್ನಿನಲ್ಲಿ ಟೈಮರ್ ಓಡುತ್ತಿದ್ದರೆ ನಿಲ್ಲಿಸುತ್ತದೆ, ಆಮೇಲೆ ಬರೆಯುತ್ತದೆ. ಎರಡನೆಯ ವರ್ಷದ ವಿದ್ಯಾರ್ಥಿಯೂ ಓದಬಹುದಾದ ಕೆಲವೇ ಸಾಲುಗಳು. ನಿಮ್ಮ ಎರಡು ದಿನಗಳಲ್ಲಿ ಯಾರಾದರೂ ಆ ಕಡತ ತೆರೆದರೇ? ತೆರೆಯದಿದ್ದರೆ, ಬರೆದವರು ಬಾಗಿಲು ತೆಗೆದಿಟ್ಟಿದ್ದರೂ ನಾವು ಮಕ್ಕಳನ್ನು ಹೊಸ್ತಿಲಲ್ಲೇ ನಿಲ್ಲಿಸಿದ ಹಾಗಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗೆ.

ಆ ಕಡತದ ಹೆಸರಿನಲ್ಲಿ ಒಂದು ಕಥೆಯೂ ಇದೆ. ಇಟಲಿಯ ಇವ್ರೆಯಾ ಪಟ್ಟಣದ ವಿನ್ಯಾಸ ಸಂಸ್ಥೆಯಲ್ಲಿ ಓದುತ್ತಿದ್ದ ಹೆರ್ನಾಂಡೊ ಬರ್ರಗಾನ್ 2003ರಲ್ಲಿ ತಮ್ಮ ಸ್ನಾತಕೋತ್ತರ ಪ್ರಬಂಧಕ್ಕಾಗಿ ಕೈಗೆತ್ತಿಕೊಂಡ ಯೋಜನೆಯ ಹೆಸರು ‘ವೈರಿಂಗ್’. 2005ರಲ್ಲಿ ಅದೇ ಊರಿನಲ್ಲಿ ಹುಟ್ಟಿದ ಆರ್ಡುಯಿನೋ ನಿಂತದ್ದು ಆ ಬುನಾದಿಯ ಮೇಲೆ. ಸರ್ಕ್ಯೂಟ್‌ಗಳನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಎನ್‌ಜಿಸ್ಪೈಸ್‌ನ ವಂಶಾವಳಿ ಹಿಡಿದು ಹಿಂದಕ್ಕೆ ನಡೆದರೆ ಬರ್ಕ್ಲಿ ವಿಶ್ವವಿದ್ಯಾಲಯದ ತರಗತಿಯೊಂದಕ್ಕೆ ತಲುಪುತ್ತೀರಿ. ಅಲ್ಲಿ 1970ರ ಸುಮಾರಿಗೆ ರೊನಾಲ್ಡ್ ರೋರರ್ ಅವರ ವಿದ್ಯಾರ್ಥಿಗಳು ತರಗತಿಯ ಕೆಲಸವಾಗಿ ಬರೆದ ಪ್ರೋಗ್ರಾಮನ್ನು ಅವರಲ್ಲೊಬ್ಬರಾದ ಲಾರೆನ್ಸ್ ನಾಗೆಲ್ ಬೆಳೆಸಿ 1973ರಲ್ಲಿ ಸ್ಪೈಸ್ ಆಗಿ ಹೊರತಂದರು. ಗಣಿತದ ಲೆಕ್ಕಗಳಿಗೆ ನೀವು ಬಳಸಿದ ಆಕ್ಟೇವ್ ಇದೆಯಲ್ಲ, ಅದು ಮೊದಲು ರಾಸಾಯನಿಕ ರಿಯಾಕ್ಟರುಗಳ ವಿನ್ಯಾಸದ ಪಠ್ಯಪುಸ್ತಕಕ್ಕೆ ಜೊತೆಯಾಗಿ ಯೋಚಿಸಿದ್ದು. ಫೋರ್ಟ್ರಾನ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಸಿದರೆ ವಿದ್ಯಾರ್ಥಿಗಳು ಕೋಡಿನ ತಪ್ಪು ಹುಡುಕುತ್ತಲೇ ದಿನ ಕಳೆದು ರಸಾಯನ ಎಂಜಿನಿಯರಿಂಗ್ ಕಲಿಯುವುದೇ ಇಲ್ಲ ಎಂಬ ಮೇಷ್ಟ್ರುಗಳ ಗೋಳು ಅದರ ಹಿಂದಿತ್ತು. 1992ರಲ್ಲಿ ಜಾನ್ ಈಟನ್ ಪೂರ್ಣಾವಧಿಯ ಕೆಲಸ ಶುರುಮಾಡಿ ತಮ್ಮ ಗುರುಗಳಲ್ಲೊಬ್ಬರಾದ ಆಕ್ಟೇವ್ ಲೆವೆನ್‌ಸ್ಪೀಲ್ ಅವರ ಹೆಸರನ್ನೇ ಇಟ್ಟರು.

(ತಪ್ಪು ಹುಡುಕುವುದೇ ಕಲಿಕೆ ಎಂದು ಈಗಷ್ಟೇ ಹೇಳಿ, ತಪ್ಪು ಹುಡುಕಿಸಬಾರದೆಂದು ಹುಟ್ಟಿದ ತಂತ್ರಾಂಶವನ್ನು ಹೊಗಳುತ್ತಿದ್ದೇನೆ ಎಂದು ನೀವು ಹಿಡಿಯಬಹುದು. ಯಾವ ತಪ್ಪು ಎಂಬುದರಲ್ಲಿ ವ್ಯತ್ಯಾಸವಿದೆ. ಅಲ್ಪವಿರಾಮ ಎಲ್ಲಿ ಬಿಟ್ಟುಹೋಯಿತು ಎಂದು ಹುಡುಕಿದರೆ ರಿಯಾಕ್ಟರಿನ ಬಗ್ಗೆ ಏನೂ ತಿಳಿಯುವುದಿಲ್ಲ. ಗ್ರೌಂಡ್ ಏಕೆ ಬೇಕು ಎಂದು ಹುಡುಕಿದರೆ ವಿದ್ಯುತ್ತಿನ ಬಗ್ಗೆ ತಿಳಿಯುತ್ತದೆ.)

ತಂತ್ರಾಂಶಕ್ಕೊಂದು ದಿನ, ಯಂತ್ರಾಂಶಕ್ಕೊಂದು ದಿನ ಎಂದು ನೀವು ಹಂಚಿದ್ದೂ ನನಗೆ ಹಿಡಿಸಲಿಲ್ಲ. ಎರಡನ್ನೂ ಒಂದೇ ಪ್ರಯೋಗದಲ್ಲಿ ಎದುರುಬದುರು ಕೂರಿಸಿ. 10 ಕಿಲೋಓಮ್ ರೆಸಿಸ್ಟರ್, 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಸಾಕು. ಎರಡರ ಗುಣಲಬ್ಧ ಒಂದು ಸೆಕೆಂಡ್. ಅಷ್ಟು ಹೊತ್ತಿಗೆ ಕೆಪಾಸಿಟರ್ ಸುಮಾರು 63 ಶೇಕಡಾ ತುಂಬಬೇಕು. ಮೊದಲು ಎನ್‌ಜಿಸ್ಪೈಸ್‌ನಲ್ಲಿ ಓಡಿಸಿ ನೋಡಲಿ, ನಯವಾದ ವಕ್ರರೇಖೆ ಬರುತ್ತದೆ. ಆಮೇಲೆ ಬ್ರೆಡ್‌ಬೋರ್ಡಿನಲ್ಲಿ ಕಟ್ಟಿ, ಆರ್ಡುಯಿನೋದ ಒಂದು ಪಿನ್ನಿನಿಂದ ಚಾರ್ಜ್ ಮಾಡಿ, ಅನಲಾಗ್ ಪಿನ್ನಿನಲ್ಲಿ ಓದಲಿ. ಆರ್ಡುಯಿನೋದ ಊನೋ ಮಾದರಿಯ ಬೋರ್ಡು ವೋಲ್ಟೇಜನ್ನು 0ಯಿಂದ 1023ರವರೆಗಿನ ಅಂಕಿಯಾಗಿ ಕೊಡುತ್ತದೆ, ಆದ್ದರಿಂದ ಒಂದು ಸೆಕೆಂಡಿಗೆ 647ರ ಆಸುಪಾಸು ಕಾಣಬೇಕು. ಕಾಣುವುದಿಲ್ಲ! ಒಂದು ಮೇಜಿನಲ್ಲಿ 590 ಬಂದರೆ ಇನ್ನೊಂದರಲ್ಲಿ 700 ಬರಬಹುದು. ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ಸಾಮರ್ಥ್ಯ ಬರೆದದ್ದಕ್ಕಿಂತ 20 ಶೇಕಡಾ ಅತ್ತಿತ್ತ ಇರುವುದು ಸಾಮಾನ್ಯ. ಓದಿದ ಅಂಕಿಗಳನ್ನು ಆಕ್ಟೇವ್‌ಗೋ ಪೈಥಾನ್‌ಗೋ ಹಾಕಿ, ತಮ್ಮ ಕೈಯಲ್ಲಿರುವ ಕೆಪಾಸಿಟರಿನ ನಿಜವಾದ ಸಾಮರ್ಥ್ಯ ಎಷ್ಟು ಎಂದು ಅವರೇ ಲೆಕ್ಕ ಹಾಕಲಿ. ಇನ್ನೂ ಚುರುಕಾದವರಿಗೆ ಮತ್ತೊಂದು ಪ್ರಶ್ನೆ ಕೊಡಿ: ಯುಎಸ್‌ಬಿಯಿಂದ ಬರುವ ವೋಲ್ಟೇಜು ಸರಿಯಾಗಿ ಐದು ಇಲ್ಲದಿದ್ದರೂ ಈ ಪ್ರಯೋಗದ ಉತ್ತರ ಏಕೆ ಕೆಡುವುದಿಲ್ಲ? (ತುಂಬಿಸುವುದೂ ಅಳೆಯುವುದೂ ಒಂದೇ ವೋಲ್ಟೇಜಿನಿಂದ.) ಮಿನುಗುವ ಎಲ್‌ಇಡಿಗಿಂತ ನೋಡಲು ಇದು ಸಪ್ಪೆ, ಒಪ್ಪುತ್ತೇನೆ.

ಇನ್‌ಸ್ಟಾಲ್ ಗೋಳಿಗೆ ಹೆಚ್ಚು ಮಾತು ಬೇಡ. ವಾರದ ಮೊದಲೇ ಸೂಚನೆ ಕಳುಹಿಸಿ, ಪೆನ್‌ಡ್ರೈವ್‌ಗಳಲ್ಲಿ ಕಡತಗಳನ್ನು ತುಂಬಿಡಿ. ಇಂಟರ್‌ನೆಟ್ಟನ್ನು ನಂಬಬೇಡಿ. ಇಬ್ಬರಿಗೆ ಒಂದು ಬೋರ್ಡು ಇರಲಿ, ಅರ್ಧ ಗಂಟೆಗೊಮ್ಮೆ ಕೀಲಿಮಣೆ ಕೈ ಬದಲಾಗಲಿ. ಪ್ರಮಾಣಪತ್ರದ ಬಗ್ಗೆ ನನಗೆ ಹೇಳುವುದೇನೂ ಇಲ್ಲ.

ಕಂಪನಿಗಳ ಪ್ರಶ್ನೆ ಹಗುರವಾದದ್ದಲ್ಲ. ಆಕ್ಟೇವ್‌ನ ಭಾಷೆ ಬಹುಮಟ್ಟಿಗೆ ದುಬಾರಿ ಗಣಿತ ತಂತ್ರಾಂಶವಾದ ಮ್ಯಾಟ್‌ಲ್ಯಾಬ್‌ನದ್ದೇ. ಕಲಿತವರು ಅತ್ತಿಂದಿತ್ತ ದಾಟಲು ಕಷ್ಟವಿಲ್ಲ. ಸ್ಪೈಸ್‌ನ ಬರವಣಿಗೆ ಹಲವು ದುಬಾರಿ ಸಿಮ್ಯುಲೇಟರುಗಳಿಗೂ ಮೂಲ. ಕೀಕ್ಯಾಡ್‌ನಲ್ಲಿ ಸರ್ಕ್ಯೂಟ್ ಬೋರ್ಡು ಬಿಡಿಸಿ ಬಲ್ಲವರು ಬೇರೆಯದರಲ್ಲಿ ತಡವರಿಸುವುದು ಮೆನುಗಳಿಗಷ್ಟೇ. ಯುರೋಪಿನ ಕಣ ಭೌತವಿಜ್ಞಾನದ ಸರ್ನ್ ಪ್ರಯೋಗಾಲಯವೇ ಅದರ ಬೆಳವಣಿಗೆಗೆ ಕೈಜೋಡಿಸಿದೆ. ಆದರೆ ಎಲ್ಲ ಕಡೆಯೂ ಹೀಗಿಲ್ಲ, ಅದನ್ನು ಮಕ್ಕಳಿಂದ ಮುಚ್ಚಿಡಬೇಡಿ. ಯಂತ್ರಭಾಗಗಳನ್ನು ಮೂರು ಆಯಾಮದಲ್ಲಿ ಬಿಡಿಸುವ ಫ್ರೀಕ್ಯಾಡ್‌ನಲ್ಲಿ ಹಿಂದಿನ ಹಂತದ ಆಕಾರವನ್ನು ತಿದ್ದಿದರೆ ಮುಂದಿನ ಹಂತಗಳು ಮುಖಗಳ ಗುರುತು ತಪ್ಪಿ ಮುರಿದುಬೀಳುವ ತೊಂದರೆ ವರ್ಷಗಟ್ಟಲೆ ಇತ್ತು. 2024ರ ನವೆಂಬರಿನಲ್ಲಿ ಬಂದ 1.0 ಆವೃತ್ತಿಯಲ್ಲಿ ಅದನ್ನು ಬಹಳಷ್ಟು ತಗ್ಗಿಸಿದರು. ದ್ರವ, ಅನಿಲಗಳ ಹರಿವನ್ನು ಲೆಕ್ಕಹಾಕುವ ಓಪನ್‌ಫೋಮ್ ಸಾಮರ್ಥ್ಯದಲ್ಲಿ ಕಡಿಮೆಯಿಲ್ಲ, ಆದರೆ ಹರಿವಿನ ಲೆಕ್ಕವನ್ನೆಲ್ಲ ಪಠ್ಯ ಕಡತಗಳಲ್ಲಿ ಬರೆದು ಹೊಂದಿಸಬೇಕು. ಅದನ್ನು ಎರಡು ದಿನಗಳಲ್ಲಿ ತುರುಕಲು ಹೋಗುವುದು ಮಕ್ಕಳನ್ನು ಓಡಿಸುವ ದಾರಿ. ‘ಓಪನ್ ಹಾರ್ಡ್‌ವೇರ್’ ಎಂಬ ಮಾತನ್ನೂ ಸ್ವಲ್ಪ ಬಿಡಿಸಿ ಹೇಳಿ: ಊನೋ ಬೋರ್ಡಿನ ನಕ್ಷೆ ಮುಕ್ತ, ಯಾರು ಬೇಕಾದರೂ ಅಂಥದ್ದನ್ನು ತಯಾರಿಸಬಹುದು, ಆದರೆ ಆರ್ಡುಯಿನೋ ಎಂಬ ಹೆಸರು ಹಾಕುವಂತಿಲ್ಲ, ಅದರ ಮೇಲೆ ಕೂತಿರುವ ಎಟಿಮೆಗಾ ಚಿಪ್ಪಿನ ಒಳನಕ್ಷೆ ಮುಕ್ತವಲ್ಲ.

ನಿಮ್ಮ ಹಿರಿಯರಿಗೆ ಒಂದು ಮಾತು. ಪರದೆಯ ಮೇಲೆ ತೋರಿಸಿದರೆ ಬೋರ್ಡು ಸುಡುವುದಿಲ್ಲ, ನಿಜ. ಆದರೆ ನಿಮ್ಮ ಎರಡು ಬೋರ್ಡುಗಳು ನಿಜಕ್ಕೂ ಸತ್ತಿವೆಯೇ? ಊನೋದ ಯುಎಸ್‌ಬಿ ದಾರಿಯಲ್ಲಿ ತಾನೇ ಚೇತರಿಸಿಕೊಳ್ಳುವ ಫ್ಯೂಸ್ ಇದೆ. ಶಾರ್ಟ್ ಆಗಿದ್ದರೆ ಬಿಸಿಯೇರಿ ಕಡಿದು, ತಣ್ಣಗಾದ ಮೇಲೆ ಮತ್ತೆ ಬರುತ್ತದೆ. ಪಿನ್ನಿಗೆ ನೇರವಾಗಿ ಮೋಟಾರು ಸಿಕ್ಕಿಸಿದ್ದರೆ 40 ಮಿಲಿಆಂಪಿಯರ್ ಮಿತಿ ದಾಟಿ ಆ ಒಂದು ಪಿನ್ನಷ್ಟೇ ಹೋಗಿರಬಹುದು, ಉಳಿದವು ಚೆನ್ನಾಗಿರಬಹುದು. ಚಿಪ್ಪೇ ಹೋಗಿದ್ದು, ಅದು ಸಾಕೆಟ್ಟಿನಲ್ಲಿ ಕೂತಿರುವ ಮಾದರಿಯಾದರೆ, ಕಿತ್ತು ಹೊಸದನ್ನು ಕೂರಿಸಿ, ಇನ್ನೊಂದು ಆರ್ಡುಯಿನೋದಿಂದಲೇ ಅದಕ್ಕೆ ಬೂಟ್‌ಲೋಡರ್ (ನಾವು ಬರೆದ ಕೋಡನ್ನು ಒಳಗೆ ಬಿಟ್ಟುಕೊಳ್ಳುವ ಪುಟ್ಟ ಪ್ರೋಗ್ರಾಮು) ತುಂಬಬಹುದು. ಇಬ್ಬರು ವಿದ್ಯಾರ್ಥಿಗಳಿಗೆ ಈ ಕೆಲಸ ವಹಿಸಿ. ಯಾವ ಪಿನ್ ಸತ್ತಿದೆ ಎಂದು ಗೊತ್ತಾದ ಮೇಲೆ ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಬೋರ್ಡಿನ ಮೇಲೆ ಮಾತ್ರ ಗುರುತು ಹಾಕಬೇಡಿ. ಮುಂದಿನ ಕಾರ್ಯಾಗಾರದ ಎರಡನೆಯ ದಿನ ಬೆಳಗ್ಗೆ ಅದನ್ನು ಒಂದು ಮೇಜಿಗೆ ಕೊಡಬೇಕಾಗುತ್ತದೆ.

— ಸಂಪಾದಕ