ಅಂತರಗಂಗೆಯ ಕಾರ್ತಿಕ ಸೋಮವಾರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕೋಲಾರದ ಅಂತರಗಂಗೆಯಲ್ಲಿ ನಡೆಯುವ ಕಾರ್ತಿಕ ಸೋಮವಾರದ ಪರಿಷೆಗೆ 2026ರಲ್ಲಿ ಹೋಗಬೇಕೆಂದಿದ್ದೇವೆ. ನಮ್ಮ ಅತ್ತೆಯವರಿಗೆ ಎಪ್ಪತ್ತು ದಾಟಿದೆ, ಮಂಡಿನೋವಿದೆ. ಆದರೂ ಬೆಟ್ಟದ ಮೇಲೆ ಈಶ್ವರನ ಮುಂದೆ ದೀಪ ಹಚ್ಚಬೇಕೆಂಬ ಆಸೆ ಅವರದು. ಮಕ್ಕಳಿಗೆ ಜಾತ್ರೆ ನೋಡುವ ಹಂಬಲ. ಯಾವ ಸೋಮವಾರ, ಎಷ್ಟು ಹೊತ್ತಿಗೆ, ಏನೇನು ಸಿದ್ಧತೆ ಮಾಡಿಕೊಂಡು ಹೊರಟರೆ ಒಳ್ಳೆಯದು?
— ಗೃಹಿಣಿ, ತುಮಕೂರು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಆಸೆಗಳಿವೆ, ಎರಡನ್ನೂ ಒಂದೇ ದಿನದಲ್ಲಿ ಮುಗಿಸಲು ಹೋಗಬೇಡಿ ಎಂಬುದೇ ನನ್ನ ಮೊದಲ ಸಲಹೆ. ಜಾತ್ರೆಯ ಕಳೆ ಪೂರ್ತಿಯಾಗಿ ಕಾಣುವುದು ಕಡೆಯ ಕಾರ್ತಿಕ ಸೋಮವಾರ. ಅಂದು ಸುತ್ತಲಿನ ಹಳ್ಳಿಗಳ ಜನ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಬರುವುದರಿಂದ, ಮೆಟ್ಟಿಲ ಮೇಲೆ ಒಂದು ಗಳಿಗೆ ಕುಳಿತು ದಣಿವಾರಿಸಿಕೊಳ್ಳಲೂ ಜಾಗ ಸಿಗುವುದು ಕಷ್ಟ. ಮಂಡಿನೋವಿರುವ ಹಿರಿಯರನ್ನು ಆ ನೂಕುನುಗ್ಗಲಿಗೆ ಒಡ್ಡಬಾರದು. ದೀಪಕ್ಕೆ ಕಾರ್ತಿಕದ ಎಲ್ಲ ಸೋಮವಾರಗಳೂ ಶ್ರೇಷ್ಠವೇ ಆದ್ದರಿಂದ ಅತ್ತೆಯವರನ್ನು ಎರಡನೆಯ ಸೋಮವಾರ ಕರೆದುಕೊಂಡು ಹೋಗಿ. ಮಕ್ಕಳನ್ನು ಕಡೆಯ ಸೋಮವಾರ ಬೇರೆಯಾಗಿ ಕರೆದೊಯ್ಯಿರಿ. ಎರಡು ಸಲ ಓಡಾಡಲು ಆಗದಿದ್ದರೆ ಅತ್ತೆಯವರ ಆಸೆಗೇ ಮೊದಲ ಸ್ಥಾನ ಕೊಡಿ, ಮಕ್ಕಳಿಗೆ ಇನ್ನೂ ಎಷ್ಟೋ ಜಾತ್ರೆಗಳು ಬರುತ್ತವೆ.

ದಿನಗಳ ವಿಷಯದಲ್ಲಿ ಹಿಂದಿನ ವರ್ಷದ ಕ್ಯಾಲೆಂಡರ್ ನಂಬಿ ರಜೆ ಹಾಕಬೇಡಿ. ಕಾರ್ತಿಕ ಮಾಸ ಬಲಿಪಾಡ್ಯಮಿಯಿಂದ ಆರಂಭವಾಗಿ ಅಮಾವಾಸ್ಯೆಗೆ ಮುಗಿಯುತ್ತದೆ. 2025ರಲ್ಲಿ ಕಡೆಯ ಸೋಮವಾರ ನವೆಂಬರ್ 17ಕ್ಕೆ ಬಂದಿತ್ತು. 2026ರಲ್ಲಿ ಅಧಿಕ ಜ್ಯೇಷ್ಠ ಮಾಸ ಬಂದಿರುವುದರಿಂದ ಆಮೇಲಿನ ಹಬ್ಬಗಳೆಲ್ಲ ತಡವಾಗಿ, ಕಾರ್ತಿಕ ಸೋಮವಾರಗಳು ನವೆಂಬರ್ 16, 23, 30 ಮತ್ತು ಡಿಸೆಂಬರ್ 7ಕ್ಕೆ ಬೀಳುತ್ತವೆ. ಡಿಸೆಂಬರ್ ಮೊದಲ ವಾರದಲ್ಲಿ ಕೋಲಾರದಲ್ಲಿ ಬೆಳಗಿನ ಚಳಿ ಚೆನ್ನಾಗಿಯೇ ಇರುತ್ತದೆ, ಸೂರ್ಯೋದಯವಾಗಲು ಆರೂವರೆ ಹತ್ತಿರವಾಗುತ್ತದೆ. ಅದಕ್ಕಿಂತ ಮುಖ್ಯವಾದುದು ಮಳೆ. ಈ ಭಾಗಕ್ಕೆ ಹಿಂಗಾರು ಮಳೆಯೂ ಬೀಳುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾದರೆ ನವೆಂಬರಿನಲ್ಲಿ ಎರಡು ಮೂರು ದಿನ ಬಿಡದೆ ಜಡಿಮಳೆ ಹಿಡಿಯುವುದುಂಟು, ಆಗ ಕಲ್ಲಿನ ಮೆಟ್ಟಿಲು ಜಾರುತ್ತದೆ. ಹೊರಡುವ ಹಿಂದಿನ ದಿನ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ, ಮಳೆಯೆಂದಿದ್ದರೆ ಮುಂದಿನ ಸೋಮವಾರಕ್ಕೆ ಹಾಕಿಕೊಳ್ಳಿ. ಎರಡನೆಯ ಸೋಮವಾರವನ್ನೇ ಸೂಚಿಸಿದ್ದಕ್ಕೆ ಇದೂ ಒಂದು ಕಾರಣ.

ತುಮಕೂರಿನಿಂದ ಸ್ವಂತ ವಾಹನದಲ್ಲಿ ಬರುವವರು ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮಾರ್ಗವಾಗಿ ಬಂದರೆ ಬೆಂಗಳೂರಿನ ಒಳಗೆ ಸಿಕ್ಕಿಕೊಳ್ಳುವುದು ತಪ್ಪುತ್ತದೆ. ಬಸ್ಸಿನವರಿಗೆ ಬೆಂಗಳೂರೇ ದಾರಿ. ಅಲ್ಲಿಂದ ಕೋಲಾರಕ್ಕೆ ಬಸ್ಸುಗಳಿಗೆ ಕೊರತೆಯಿಲ್ಲ, ಊರಿನಿಂದ ಬೆಟ್ಟದ ಬುಡಕ್ಕೆ ಆಟೋ ಸಿಗುತ್ತದೆ. ಹಿರಿಯರಿರುವುದರಿಂದ ಭಾನುವಾರ ಸಂಜೆಯೇ ಕೋಲಾರಕ್ಕೆ ಬಂದು ತಂಗಿ, ಬೆಳಕು ಹರಿಯುವಾಗಲೇ ಬೆಟ್ಟ ಹತ್ತಲು ಆರಂಭಿಸುವುದು ಒಳ್ಳೆಯದು.

ಶತಶೃಂಗ ಬೆಟ್ಟಸಾಲಿನ ಮಡಿಲಲ್ಲಿರುವ ಕಾಶಿ ವಿಶ್ವನಾಥನ ಗುಡಿಯವರೆಗೂ ಮೆಟ್ಟಿಲು ಹತ್ತಲೇಬೇಕು. ಅವಸರಪಡದೆ, ಅಲ್ಲಲ್ಲಿ ಕುಳಿತು ಏಳುತ್ತ ಹೋಗಿ. ಇಳಿಯುವಾಗ ಮಂಡಿಗೆ ಹೆಚ್ಚು ಭಾರ ಬೀಳುವುದರಿಂದ ಅತ್ತೆಯವರ ಕೈಗೆ ಒಂದು ಊರುಗೋಲು ಇರಲಿ, ಅವರಿಗಿಂತ ಒಂದು ಮೆಟ್ಟಿಲು ಕೆಳಗೆ ಒಬ್ಬರು ಇರಲಿ. ಇಲ್ಲಿಯ ಮಂಗಗಳ ವಿಷಯದಲ್ಲಿ ಎಚ್ಚರಿಕೆ ಬೇಕು: ಪ್ಲಾಸ್ಟಿಕ್ ಚೀಲದ ಸದ್ದು ಕೇಳಿದರೆ ಸಾಕು, ಮೈಮೇಲೆ ಬಂದು ಕಿತ್ತುಕೊಳ್ಳುತ್ತವೆ. ಬಾಳೆಹಣ್ಣು, ತೆಂಗಿನಕಾಯಿಯನ್ನು ಬಾಯಿ ಕಟ್ಟಿದ ಬಟ್ಟೆಯ ಚೀಲದಲ್ಲಿಟ್ಟು ಗಂಡಸರು ಯಾರಾದರೂ ಹಿಡಿದುಕೊಳ್ಳಲಿ. ಹಿರಿಯರ ಕೈಯಲ್ಲಿ ಮಾತ್ರ ಬೇಡ, ಎಳೆದಾಟದಲ್ಲಿ ಅವರು ಬೀಳುತ್ತಾರೆ.

ದೀಪಕ್ಕೆ ಬೆಟ್ಟದ ನೆಲ್ಲಿಕಾಯಿ ಒಯ್ಯಿರಿ. ತಳ ಅಲುಗಾಡದೆ ಕೂರುವಂತಹ ದಪ್ಪ ಕಾಯಿಗಳನ್ನು ಆರಿಸಿ, ಮೇಲ್ಭಾಗವನ್ನು ಸ್ವಲ್ಪ ಕತ್ತರಿಸಿ, ಬತ್ತಿ ನಿಲ್ಲುವಷ್ಟು ಗುಳಿ ಮಾಡಿಕೊಳ್ಳಬೇಕು. ಹೂಬತ್ತಿಗಳನ್ನು ಹಿಂದಿನ ರಾತ್ರಿಯೇ ತುಪ್ಪದಲ್ಲಿ ನೆನೆಸಿ ಚಿಕ್ಕ ಸ್ಟೀಲ್ ಡಬ್ಬಿಯಲ್ಲಿ ಇಟ್ಟುಕೊಂಡರೆ ಬೆಟ್ಟದ ಗಾಳಿಗೆ ಬೇಗನೆ ಆರುವುದಿಲ್ಲ. ಚಳಿಗೆ ತುಪ್ಪ ಹೆಪ್ಪುಗಟ್ಟಿ ಬತ್ತಿಯನ್ನು ಹಿಡಿದುಕೊಳ್ಳುವುದರಿಂದ ದಾರಿಯಲ್ಲಿ ಚೆಲ್ಲುವ ಭಯವೂ ಇಲ್ಲ. ದೀಪವನ್ನು ಗುಡಿಯವರು ತೋರಿಸಿದ ಜಾಗದಲ್ಲೇ ಇಡಿ, ಕಲ್ಯಾಣಿಯ ನೀರಿಗೆ ದಯವಿಟ್ಟು ಬಿಡಬೇಡಿ. ಕಲ್ಲಿನ ಬಸವನ ಬಾಯಿಂದ ವರ್ಷವಿಡೀ ಹರಿದು ಬರುವ ಆ ನೀರನ್ನು ಜನ ತೀರ್ಥವೆಂದು ಕುಡಿಯುತ್ತಾರೆ, ಬಾಟಲಿಗಳಲ್ಲಿ ತುಂಬಿಸಿಕೊಂಡು ಮನೆಗೂ ಒಯ್ಯುತ್ತಾರೆ. ನದಿನಾಲೆಗಳಿಲ್ಲದೆ ಕೆರೆಗಳನ್ನೇ ನಂಬಿ ಬದುಕಿದ ಈ ಸೀಮೆಯಲ್ಲಿ ಬಂಡೆಯ ನಡುವಿನಿಂದ ಬತ್ತದೆ ಬರುವ ನೀರೆಂದರೆ ಏನೆಂಬುದನ್ನು ಮಕ್ಕಳಿಗೆ ಅಲ್ಲಿಯೇ ನಿಲ್ಲಿಸಿ ಹೇಳಿ. ಆ ನೀರಿನ ಮೇಲೆ ಎಣ್ಣೆಯ ಜಿಡ್ಡು, ಕರ್ಪೂರದ ಕಾಗದ ತೇಲುವುದನ್ನು ನೋಡಿದರೆ ನಿಜಕ್ಕೂ ಸಂಕಟವಾಗುತ್ತದೆ.

ಅಂದು ಬೆಳಿಗ್ಗೆ ಮಂಡಿ ಸಹಕರಿಸದಿದ್ದರೆ ಅತ್ತೆಯವರು ನಿರಾಶರಾಗಬೇಕಿಲ್ಲ. ಕೋಲಾರ ಪಟ್ಟಣದೊಳಗೇ ಇರುವ ಸೋಮೇಶ್ವರ ದೇವಾಲಯವೂ ಶಿವಾಲಯವೇ, ಸಮತಟ್ಟಾದ ನೆಲದಲ್ಲಿದೆ. ಅಲ್ಲಿ ಈಶ್ವರನ ದರ್ಶನ ಮಾಡಿ, ಅರ್ಚಕರನ್ನು ಕೇಳಿ ದೀಪ ಹಚ್ಚಬಹುದು.

ಪ್ರಶ್ನೆ: ಕಡೆಯ ಸೋಮವಾರ ಗೆಳೆಯರೊಂದಿಗೆ ಅಂತರಗಂಗೆಗೆ ಬಂದು, ಗುಡಿಯ ಮೇಲಿನ ಗುಹೆಗಳನ್ನೂ ನೋಡಿ, ರಾತ್ರಿ ಬೆಟ್ಟದ ಮೇಲೆಯೇ ಉಳಿಯಬಹುದೇ?
— ಕಾಲೇಜು ವಿದ್ಯಾರ್ಥಿ, ಚಿಂತಾಮಣಿ

ಉತ್ತರ: ಬೇಡ. ಚಾರಣಕ್ಕೆ ಬೇರೊಂದು ದಿನ ಇಟ್ಟುಕೊಂಡು, ಅರಣ್ಯ ಇಲಾಖೆಯ ಅನುಮತಿ ಪಡೆದು, ಹಗಲಿನಲ್ಲಿ ಬನ್ನಿ. ಪರಿಷೆಯ ದಿನ ಬಂಡೆಗಳ ಸಂದಿಯಲ್ಲಿ ಯಾರಾದರೂ ಕಾಲು ಉಳುಕಿಸಿಕೊಂಡರೆ, ಜನ ತುಂಬಿದ ಮೆಟ್ಟಿಲುಗಳ ಮೇಲೆ ಅವರನ್ನು ಕೆಳಗಿಳಿಸುವುದೇ ದೊಡ್ಡ ಪಾಡಾಗುತ್ತದೆ.

ಪ್ರಶ್ನೆ: ಶಾಲೆಯ ಮಕ್ಕಳನ್ನು ಕಡೆಯ ಸೋಮವಾರ ಕರೆತರುವ ಯೋಚನೆಯಿದೆ. ಬೆಟ್ಟ ಇಳಿದ ಮೇಲೆ ಕೋಲಾರದಲ್ಲಿ ಏನನ್ನು ತೋರಿಸಬಹುದು? ಪರಿಷೆಯಲ್ಲಿ ಏನು ಕೊಳ್ಳಬಹುದು?
— ಶಿಕ್ಷಕರು, ಶಿಡ್ಲಘಟ್ಟ

ಉತ್ತರ: ಪಟ್ಟಣದಲ್ಲಿ ಕೋಲಾರಮ್ಮ ಮತ್ತು ಸೋಮೇಶ್ವರ, ಈ ಎರಡೇ ದೇವಾಲಯ ಸಾಕು, ಆದರೆ ನಿಧಾನವಾಗಿ ತೋರಿಸಿ. ಎರಡೂ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಕೋಲಾರಮ್ಮನ ಗುಡಿಯಲ್ಲಿ ಚೋಳರ ಕಾಲದ ತಮಿಳು ಶಾಸನಗಳಿವೆ; ಚೇಳಿನ ಕಾಟದಿಂದ ಕಾಪಾಡುವಳೆಂದು ಜನ ನಂಬಿರುವ ಚೇಳಮ್ಮನ ಸನ್ನಿಧಿಯೂ ಅಲ್ಲಿಯೇ ಇದೆ, ಮಕ್ಕಳು ಅದನ್ನು ಮರೆಯುವುದಿಲ್ಲ. ಅಲ್ಲಿಂದ ವಿಜಯನಗರ ಕಾಲದ ಸೋಮೇಶ್ವರಕ್ಕೆ ಬಂದು ಕಲ್ಯಾಣ ಮಂಟಪದ ಕಂಬಗಳ ಕೆತ್ತನೆಯನ್ನು ಒಂದೊಂದಾಗಿ ನೋಡಿಸಿ. ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಹಾಕುತ್ತಾರಾದ್ದರಿಂದ ಹನ್ನೊಂದು ಗಂಟೆಯೊಳಗೆ ಬೆಟ್ಟ ಇಳಿದಿರಬೇಕು.

ಕೊಳ್ಳುವುದಾದರೆ ಕಡಲೆಕಾಯಿ ಕೊಳ್ಳಿ, ಹೊಲದಿಂದ ಹೊಸ ಕಾಯಿ ಬರುವ ಕಾಲವಿದು. ಸಿಪ್ಪೆಗೆ ಮಣ್ಣು ಅಂಟಿಕೊಂಡಿದ್ದು, ಕಿವಿಯ ಬಳಿ ಅಲ್ಲಾಡಿಸಿದರೆ ಸದ್ದು ಬಾರದಂತಹ ಕಾಯಿ ಹಸಿಯದು, ಬೇಯಿಸಲು ಚೆನ್ನ. ಬೀಜ ಗಲಗಲ ಎನ್ನುವ ಒಣಕಾಯಿ ಹುರಿಯಲು ಆಗುತ್ತದೆ. ಮಕ್ಕಳ ಕೈಗೆ ಕೊಡುವುದಿದ್ದರೆ ಬೆಟ್ಟದಿಂದ ಇಳಿದು ವಾಹನ ಹತ್ತಿದ ಮೇಲೆಯೇ ಕೊಡಿ.